ವ್ಯಾನಿನ ಎರಡನೇ ಸೀಟು

ಆ ದಿನಗಳನ್ನು ನೆನೆದರೆ ನನಗೆ ಮೊದಲು ಕೇಳಿಸುವುದು ಒಂದು ವ್ಯಾನಿನ ಬಾಗಿಲು ಜಾರುವ ಸದ್ದು. ಪಕ್ಕಕ್ಕೆ ಎಳೆಯುವ ಬಾಗಿಲು ಅದು. ಅದರ ಕಂಬಿ ಎಣ್ಣೆ ಕಂಡು ಎಷ್ಟು ವರ್ಷವಾಗಿತ್ತೋ, ಕರ್ರೆಂದು ಅರ್ಧಕ್ಕೆ ಬಂದು ನಿಂತುಬಿಡುತ್ತಿತ್ತು. ಆಮೇಲೆ ಒಳಗಿನಿಂದ ಒಂದು ಕೈ ಬಂದು ಎಳೆದರೆ ಧಡಾರನೆ ಮುಚ್ಚಿಕೊಳ್ಳುತ್ತಿತ್ತು. ಬಸ್ಸು, ಆಟೋ ಎಲ್ಲ ನಿಂತುಹೋಗಿದ್ದ ಲಾಕ್‌ಡೌನಿನ ಬೆಳಗಿನಲ್ಲಿ ಚಾಮರಾಜನಗರದ ನಮ್ಮ ಬೀದಿಯ ಕೊನೆಯ ಮನೆಯವರೆಗೂ ಆ ಸದ್ದು ಹೋಗುತ್ತಿತ್ತು. ಒಳಗಿನಿಂದ ಎಳೆಯುತ್ತಿದ್ದ ಕೈ ಒಬ್ಬ ಹೆಂಗಸಿನದು. ಅವಳ ಪಕ್ಕ ಕೂತು ಹೊರಡುತ್ತಿದ್ದವರು ನನ್ನ ಗಂಡ. ಗೇಟು ಹಿಡಿದು ನಿಂತು ನೋಡುತ್ತಿದ್ದವಳು ನಾನು.

ಬರೆದ ಮೇಲೆ ಓದಿಕೊಂಡರೆ ಬೇರೆಯದೇ ಕತೆಯ ಹಾಗೆ ಕಾಣುತ್ತದೆ. ಅವರಿಬ್ಬರೂ ಹೋಗುತ್ತಿದ್ದದ್ದು ಮೈಸೂರಿನ ಆಸ್ಪತ್ರೆಗೆ, ಕೀಮೋ ಹಾಕಿಸಿಕೊಳ್ಳಲು. ನಮ್ಮವರಿಗೆ ದೊಡ್ಡ ಕರುಳಿನ ಕ್ಯಾನ್ಸರ್, ಅವಳಿಗೆ ಎದೆಯದು. ಅವಳ ತಲೆಯ ಮೇಲೆ ಒಂದು ಕೂದಲಿರಲಿಲ್ಲ. ಸೆರಗನ್ನು ಕಿವಿಯ ಹಿಂದಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಿರುತ್ತಿದ್ದಳು. ಅಂಥವಳ ಮೇಲೆ ಹೊಟ್ಟೆಕಿಚ್ಚು ಪಡುವುದುಂಟೆ ಎಂದು ಯಾರಾದರೂ ಕೇಳಬಹುದು. ಪಟ್ಟೆ. ಐ ವಾಸ್ ಜೆಲಸ್, ಅಷ್ಟೇ. ಈಗಲೂ ಅದು ಪೂರ್ತಿ ಹೋಗಿದೆ ಎಂದು ಹೇಳಲಾರೆ.

ಕಾನ್ವೆಂಟಿನಲ್ಲಿ ಮಾರಲ್ ಸೈನ್ಸ್ ಪೀರಿಯಡ್ಡಿನಲ್ಲಿ ನಮಗೆ ಪಾಪಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿದ್ದರು. ಎನ್ವಿ ಎಂಬ ಪದ ಬಂದಾಗಲೆಲ್ಲ ನಾನು ಪಕ್ಕದ ಬೆಂಚಿನ ಹುಡುಗಿಯ ಹೊಸ ಜಾಮೆಟ್ರಿ ಬಾಕ್ಸನ್ನು ನೋಡುತ್ತಿದ್ದೆ. ಆ ಪಾಪ ಅಷ್ಟೇ ದೊಡ್ಡದು ಎಂದುಕೊಂಡಿದ್ದೆ. ಅರವತ್ತೆಂಟರ ವಯಸ್ಸಿನಲ್ಲಿ, ಕೈಯಲ್ಲಿ ಗಂಡನ ಔಷಧಿಯ ಡಬ್ಬಿ ಹಿಡಿದುಕೊಂಡು, ಅದರ ಉಳಿದ ಭಾಗವನ್ನು ಕಲಿತೆ.

ನಮಗೆ ಮಕ್ಕಳಿಲ್ಲ. ನಮ್ಮವರು ಉಡಿಗಾಲದವರು, ಕೃಷಿ ಇಲಾಖೆಯಲ್ಲಿದ್ದವರು. ಸರ್ವೀಸಿನ ಮುಕ್ಕಾಲು ಪಾಲನ್ನು ಗುಂಡ್ಲುಪೇಟೆ, ತೆರಕಣಾಂಬಿ, ಬೇಗೂರು ಎಂದು ಊರೂರು ಸುತ್ತಿ, ಯಾರದೋ ಹೊಲದ ಬದುವಿನ ಮೇಲೆ ನಿಂತು ಕಳೆದರು. ನಾನು ಮೈಸೂರಿನವಳು; ಇಲ್ಲಿನ ಒಂದು ಶಾಲೆಯಲ್ಲಿ ಇಂಗ್ಲಿಷ್ ಟೀಚರಾಗಿದ್ದೆ. ಅವರು ಮನೆಗೆ ಬರುವಾಗ ನಾನು ಕಾಂಪೊಸಿಷನ್ ನೋಟ್‌ಬುಕ್ಕು ತಿದ್ದುತ್ತಾ ಕೂತಿರುತ್ತಿದ್ದೆ. ಜಗಳವಿರಲಿಲ್ಲ, ಆದರೆ ಅವರು ನನ್ನ ಪಾಲಿಗೆ ಸಿಕ್ಕಿದ್ದು ಕಮ್ಮಿ. ರಿಟೈರಾದ ಮೇಲೂ ಊರಿನ ಜಮೀನು ಎಂದು ಬೆಳಗ್ಗೆಯೇ ಹೊರಟುಬಿಡುತ್ತಿದ್ದರು.

ರೋಗ ಬಂತು, ಅವರು ನನ್ನ ಕೈಗೆ ಸಿಕ್ಕರು. ಆಪರೇಷನ್ ಆಯಿತು, ಆಮೇಲೆ ಇಪ್ಪತ್ತೊಂದು ದಿನಕ್ಕೊಂದು ಡೋಸ್ ಎಂದರು, ಒಟ್ಟು ಎಂಟು. ಮೊದಲ ಎರಡು ಡೋಸಿಗೆ ನಾನೇ ಕರೆದುಕೊಂಡು ಹೋದೆ. ಡೇ ಕೇರ್ ವಾರ್ಡಿನಲ್ಲಿ ಅವರ ಕುರ್ಚಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಡ್ರಿಪ್ಪಿನ ಹನಿ ನಿಂತರೆ ಸಿಸ್ಟರನ್ನು ಕರೆದು, ಡಾಕ್ಟರು ಹೇಳಿದ್ದನ್ನು ಕ್ಯಾಪಿಟಲ್ ಅಕ್ಷರದಲ್ಲಿ ಬರೆದುಕೊಂಡು, ಮಧ್ಯಾಹ್ನ ಡಬ್ಬಿಯ ಮೊಸರನ್ನ ಕಲಸಿ ಒಂದೊಂದು ತುತ್ತು ಕೊಟ್ಟೆ. ಹೇಳಲು ನಾಚಿಕೆಯಾಗುತ್ತದೆ, ಆ ಎರಡು ದಿನ ನನಗೆ ಸಂತೋಷವಿತ್ತು. ಆರು ಗಂಟೆ ಹೊತ್ತು ಅವರು ಎಲ್ಲಿಗೂ ಎದ್ದು ಹೋಗುವಂತಿರಲಿಲ್ಲ.

ಮೂರನೆಯ ಡೋಸಿನ ಹೊತ್ತಿಗೆ ದೇಶಕ್ಕೆಲ್ಲ ಬೀಗ ಬಿತ್ತು. ಇಪ್ಪತ್ತೊಂದು ದಿನ ಎಂದರು. ನಮ್ಮ ಮನೆಯಲ್ಲಿ ಆಗಲೇ ಇಪ್ಪತ್ತೊಂದರ ಎಣಿಕೆ ನಡೆಯುತ್ತಿದ್ದರಿಂದ ನನಗೆ ಆ ಸಂಖ್ಯೆ ಕೇಳಿ ಯಾಕೋ ನಗು ಬಂತು. ಆಮೇಲೆ ನಗು ನಿಂತಿತು. ಮೈಸೂರಿಗೆ ಹೋಗುವುದು ಹೇಗೆ? ನಮ್ಮವರು ಗುಂಡ್ಲುಪೇಟೆಯಲ್ಲಿದ್ದಾಗಿನ ಪರಿಚಯದ ಒಬ್ಬ ಡ್ರೈವರಿಗೆ ಫೋನ್ ಮಾಡಿದರು. ಅವನ ವ್ಯಾನು ಮೊದಲು ಮಂಡಿಯ ತರಕಾರಿ ಹೊರುತ್ತಿತ್ತು. ಪಾಸು ನಮ್ಮವರ ಹೆಸರಿನಲ್ಲಿ ಆಯಿತು: ಡ್ರೈವರ್ ಬಿಟ್ಟು ಇಬ್ಬರು.

ಇಬ್ಬರು ಎಂದರೆ ಅವರು ಮತ್ತು ನಾನು ಎಂದುಕೊಂಡು ನಾನು ಫ್ಲಾಸ್ಕು ತೊಳೆದಿಟ್ಟೆ. ಸಂಜೆ ಆಸ್ಪತ್ರೆಯಿಂದ ಫೋನ್ ಬಂತು. ಪೇಷೆಂಟುಗಳ ಅನುಕೂಲ ನೋಡಿಕೊಳ್ಳುವ ಸಿಸ್ಟರ್, ಒಳ್ಳೆಯ ಇಂಗ್ಲಿಷು. ಗುಂಡ್ಲುಪೇಟೆಯ ಹತ್ತಿರದ ಒಬ್ಬ ಹೆಂಗಸಿಗೂ ಅದೇ ಮಂಗಳವಾರ ಡೋಸಿದೆ, ಗಂಡ ತೀರಿಹೋಗಿದ್ದಾನೆ, ಒಬ್ಬಳೇ ಮಗಳನ್ನು ಗಡಿಯಾಚೆ ಬತ್ತೇರಿಗೆ ಕೊಟ್ಟಿದ್ದಾರೆ, ಕೇರಳದ ಗಡಿ ಮುಚ್ಚಿದೆ, ಬರಲು ದಾರಿಯಿಲ್ಲ. ಹೇಗೂ ಅಟೆಂಡರುಗಳನ್ನು ಈಗ ಗೇಟಿನ ಒಳಗೆ ಬಿಡುವುದಿಲ್ಲ, ನಿಮ್ಮ ವ್ಯಾನಿನ ಎರಡನೇ ಸೀಟು ಕೊಡಲಾಗುತ್ತದೆಯೇ ಮೇಡಂ ಎಂದು ಕೇಳಿದರು. ಅಷ್ಟು ಚೆಂದದ ಇಂಗ್ಲಿಷಿನಲ್ಲಿ ಕೇಳಿದವರಿಗೆ ಇಲ್ಲ ಎನ್ನುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. “ಆಫ್ ಕೋರ್ಸ್, ಸಿಸ್ಟರ್” ಎಂದೆ. ಆ ಸೀಟನ್ನು ಕೊಟ್ಟವಳು ನಾನೇ.

ಮಂಗಳವಾರ ಆರು ಗಂಟೆಗೆ ವ್ಯಾನು ಬಂತು. ಹಿಂದಿನ ಸೀಟಿನಲ್ಲಿ ಕಿಟಕಿಗೆ ಒತ್ತಿಕೊಂಡು ಅವಳು ಕೂತಿದ್ದಳು. ನಲವತ್ತೈದು ದಾಟಿರಬಹುದು, ಕಪ್ಪಗೆ, ಸಣ್ಣಗೆ. ಮಂಡಿಯಲ್ಲಿ ಈರುಳ್ಳಿ ಆರಿಸಿ ಮೂಟೆ ಹೊಲೆಯುವ ಕೆಲಸದವಳು ಎಂದು ಡ್ರೈವರ್ ಹೇಳಿದ್ದ. ಮಾಸ್ಕು ಮೂಗಿನ ಕೆಳಗೆ ಇಳಿದಿತ್ತು.

“ಮಾಸ್ಕ್ ಸರಿಯಾಗಿ ಮೇಲೆ ಹಾಕ್ಕೊಳಮ್ಮ, ಇವರಿಗೆ ಇನ್ಫೆಕ್ಷನ್ ಆಗಬಾರದು” ಎಂದೆ.

“ಆಕಂಡಿವ್ನಿ ಅಮ್ಮಾವ್ರೇ. ಮೂಗು ಮೋಟು, ನಿಲ್ಲಾಕಿಲ್ಲ, ಜಾರ್ತದೆ” ಎಂದು ಎಳೆದುಕೊಂಡಳು. ಆಮೇಲೆ ನಮ್ಮವರಿಗೆ, “ಬನ್ನಿ ಸಾ, ಕೂತ್ಕಳಿ. ನಂದೂ ನಿಮ್ದೂ ಒಂದೇ ಕಂಪ್ನಿ ಅಂತಲ್ಲ.”

ನಮ್ಮವರು ನಕ್ಕರು. ಎರಡು ತಿಂಗಳಿಂದ ನಾನು ಕೇಳದ ನಗು.

ಸಂಜೆ ವಾಪಸು ಬಂದಾಗ ಸುಸ್ತಾಗಿದ್ದರು, ಆದರೆ ಮಾತಿತ್ತು. “ಆಯಮ್ಮ ಇವತ್ತು ಏನಂದ್ಲು ಗೊತ್ತಾ? ಸಿಸ್ಟರ್ ಪಾಪ ಅವಳ ಕೈಯಲ್ಲಿ ನರ ಸಿಗದೆ ಹುಡುಕ್ತಾನೇ ಇದ್ರು. ‘ಮೂಟೆ ಒಲೆಯೋ ದಬ್ಬಳ ತಂದ್ಕೊಡ್ತೀನಿ ಬುಡಿ ಸಿಸ್ಟ್ರೇ, ಅದ್ರಲ್ಲಿ ಎಲ್ ಚುಚ್ಚಿದ್ರೂ ಆಯ್ತದೆ’ ಅಂದ್ಲು. ವಾರ್ಡೆಲ್ಲ ನಗು.” ನಾನೂ ನಕ್ಕೆ. ನನ್ನ ಸ್ಟೂಲಿದ್ದ ಜಾಗದಲ್ಲಿ ಈಗ ಏನಿದೆ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಆರಡಿ ದೂರದಲ್ಲಿ ಅವಳ ಕುರ್ಚಿ ಇತ್ತಂತೆ; ಅವರೇ ಹೇಳಿದರು.

ಮುಂದಿನ ಸಲಕ್ಕೆ ಅವಳು ಅವರನ್ನು ಸಾ ಎನ್ನುವುದು ಬಿಟ್ಟು ಅಣ್ಣಯ್ಯ ಎನ್ನತೊಡಗಿದ್ದಳು. ನಾನು ಅತ್ತಿಗಮ್ಮ ಆದೆ. ಅಣ್ಣ ಎಂದು ಕರೆದವಳ ಮೇಲೆ ಸಂಶಯಪಡಲು ಹೆಂಡತಿಗೆ ಹಕ್ಕಿಲ್ಲ. ನನಗೆ ಸಂಶಯವೇನೂ ಇರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು, ನಾಲ್ಕು ಮಾತು ಬಯ್ದು ಮುಗಿಸಬಹುದಿತ್ತು.

ಫೋನು ಶುರುವಾಯಿತು. ಅವಳದು ಬಟನ್ ಒತ್ತುವ ಹಳೆಯ ಫೋನು. ಮಧ್ಯಾಹ್ನ ಊಟವಾದ ಮೇಲೆ ಒಂದು ಕರೆ, ಇಂದು ಅವಳು, ನಾಳೆ ಇವರು. ನಮ್ಮವರು ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಮಾತಾಡುತ್ತಿದ್ದರು. ಆಗ ಅವರ ಮಾತೇ ಬೇರೆ. ಓಗನ, ಬರನ, ಮಾಡ್ಬುಟ್ಟೆ. ಮದುವೆಯಾದ ಹೊಸತರಲ್ಲಿ ಅವರು ಹೀಗೆಯೇ ಮಾತಾಡುತ್ತಿದ್ದರು, ನಾನು ನಗುತ್ತಿದ್ದೆ. ಕೆಟ್ಟ ಮನಸ್ಸಿನಿಂದಲ್ಲ, ಸಣ್ಣ ವಯಸ್ಸು. ಒಂದೆರಡು ವರ್ಷದಲ್ಲಿ ಅವರು ನನ್ನೆದುರು ತಿದ್ದಿಕೊಂಡರು. ಆ ಮಾತು ಹೋಯಿತು ಎಂದುಕೊಂಡಿದ್ದೆ. ಹೋಗಿರಲಿಲ್ಲ, ಎಲ್ಲೋ ಇಟ್ಟುಕೊಂಡಿದ್ದರು, ಒಬ್ಬ ಮೂಟೆ ಹೊಲೆಯುವವಳಿಗಾಗಿ.

ನನಗೆ ಆಸ್ಪತ್ರೆಯವರು ಒಂದು ಇಂಗ್ಲಿಷ್ ಹಾಳೆ ಕೊಟ್ಟಿದ್ದರು. ನೋವು ಸೊನ್ನೆಯಿಂದ ಹತ್ತರವರೆಗೆ ಎಷ್ಟು ಎಂದು ಪೇಷೆಂಟನ್ನು ದಿನಾ ಕೇಳಿ ಬರೆಯಬೇಕು, ಡಾಕ್ಟರು ಅದನ್ನು ನೋಡುತ್ತಾರೆ. ನಾನು ಸ್ಕೇಲಿಟ್ಟು ಗೆರೆ ಹಾಕಿ ಚಾರ್ಟು ಮಾಡಿದ್ದೆ. ಬೆಳಗ್ಗೆ ಕೇಳುತ್ತಿದ್ದೆ, “ಎಷ್ಟು?”

“ಎರಡು ಅಂತ ಬರ್ಕೊ.”

ಸಂಜೆ ಕೇಳಿದರೂ ಎರಡು. ನಾಲ್ಕನೆಯ ಡೋಸು ಮುಗಿಸಿ ಬಂದ ದಿನ ಫೈಲು ತೆರೆದು ಓದಿದೆ. ಡಾಕ್ಟರು ಬರೆದಿದ್ದರು: ಕೈಬೆರಳು, ಅಂಗಾಲುಗಳಲ್ಲಿ ಉರಿ, ಜೋಮು, ಔಷಧಿ ಸ್ವಲ್ಪ ಕಡಿಮೆ ಮಾಡಿದೆ. ನನ್ನ ಚಾರ್ಟಿನ ಎರಡರ ಸಾಲು ಅದರ ಪಕ್ಕದಲ್ಲೇ ಪಿನ್ ಹೊಡೆದುಕೊಂಡು ಕೂತಿತ್ತು.

“ಇದೇನ್ರೀ, ಉರಿ ಅಂತ ಬರೆದಿದ್ದಾರೆ? ನನಗೆ ಹೇಳೇ ಇಲ್ಲ?”

“ಅದಾ? ಆಯಮ್ಮ ಸಿಸ್ಟರ್ ಹತ್ರ ಹೇಳ್ಬಿಟ್ಟಳು. ನಾನು ಬೇಡ ಅಂದಿದ್ದೆ.”

ಫೈಲು ಮುಚ್ಚಿಟ್ಟೆ. ಮಾರನೆಯ ದಿನ ಮಧ್ಯಾಹ್ನ ಹಿತ್ತಲ ಬಾಗಿಲ ಹಿಂದೆ ನಿಂತೆ. ಕದ್ದು ಕೇಳುವುದು ನಮ್ಮ ಕಾನ್ವೆಂಟಿನಲ್ಲಿ ಸುಳ್ಳಿಗಿಂತ ದೊಡ್ಡ ತಪ್ಪು. ನಿಂತೆ. ಬೆರಳಿಗೆ ಫೋನು ಹಿಡಿಯಲಾಗದೆ ಅವರು ಸ್ಪೀಕರ್ ಹಾಕಿ ಕಲ್ಲಿನ ಮೇಲಿಟ್ಟಿದ್ದರು.

“ಇವತ್ತು ಸೇರಿನ ಮೇಲದೆ ಕಣವ್ವ” ಎನ್ನುತ್ತಿದ್ದರು ನಮ್ಮವರು. “ಅಂಗಾಲಲ್ಲಿ ಜಾಲಿ ಮುಳ್ಳು ಆಡ್ದಂಗೆ. ನಿಂದೆಷ್ಟು?”

“ನಂದು ಬಳ್ಳ ಕಣಣ್ಣಯ್ಯ. ನೀರು ಕುಡುದ್ರೂ ನಿಲ್ತಾ ಇಲ್ಲ. ಮೊನ್ನೆ ಅಚ್ಚೇರಿತ್ತು, ಪರ್ವಾಗಿರ್ನಿಲ್ಲ.”

ಸ್ವಲ್ಪ ಹೊತ್ತಿಗೆ ಅರ್ಥವಾಯಿತು. ಪಾವು, ಅಚ್ಚೇರು, ಸೇರು, ಬಳ್ಳ, ಕೊಳಗ, ಒಂದಕ್ಕಿಂತ ಒಂದು ದೊಡ್ಡದು. ರಾಗಿ ಅಳೆಯುವ ಅಳತೆಯಲ್ಲಿ ಅವರಿಬ್ಬರೂ ನೋವನ್ನು ಅಳೆಯುತ್ತಿದ್ದರು. ಹತ್ತರಲ್ಲಿ ಎರಡು ಎಂದರೆ ಅವರಿಗೆ ಏನೂ ಅನ್ನಿಸುತ್ತಿರಲಿಲ್ಲ. ಸೇರು ಎಂದರೆ ಕೈಗೆ ಭಾರ ಗೊತ್ತಾಗುತ್ತಿತ್ತು.

“ಅತ್ತಿಗಮ್ಮಂಗೆ ಏಳಿದ್ರಾ?” ಎಂದಳು ಫೋನಿನಿಂದ.

“ಅವಳಿಗ್ಯಾಕೆ? ಬರ್ಕಂಡು ಕುಂತ್ಕತಾಳೆ.”

ಇಬ್ಬರೂ ನಕ್ಕರು. ಅವಳು ಬೇಗ ನಿಲ್ಲಿಸಿದಳು, “ಅಂಗನ್ಬಾರ್ದು ಬುಡಿ” ಎಂದಳು. ಅವಳು ನನ್ನ ಪರ ವಹಿಸಿದ್ದು ನನಗೆ ಆ ನಗುವಿಗಿಂತ ಹೆಚ್ಚು ಚುಚ್ಚಿತು.

ಆ ಸಂಜೆಯೂ ಕೇಳಿದೆ, “ಎಷ್ಟು?” ಎರಡು ಎಂದರು. ಎರಡು ಎಂದೇ ಬರೆದೆ. ನಿಜ ಗೊತ್ತಿದ್ದೂ ಬರೆದೆ. ನನಗೆ ಹೇಳದ ನೋವನ್ನು ನಾನು ಯಾಕೆ ಬರೆಯಬೇಕು ಎಂಬ ಹಟ. ಎಪ್ಪತ್ತು ದಾಟಿದ ಪೇಷೆಂಟಿನ ಜೊತೆ ಹಾಗೆ ಹಟ ಮಾಡುವವರುಂಟೆ? ನಾನು ಮಾಡಿದೆ.

ಐದನೆಯ ಡೋಸಿಗೆ ವಾರವಿರುವಾಗ ಆಸ್ಪತ್ರೆಗೆ ಫೋನ್ ಮಾಡಿದೆ. ಅದೇ ಸಿಸ್ಟರು ಸಿಕ್ಕರು. ನನ್ನ ಅತ್ಯುತ್ತಮ ಇಂಗ್ಲಿಷನ್ನು ಹೊರತೆಗೆದೆ. ಫ್ಯಾಮಿಲಿ ರೀಸನ್ಸ್ ಎಂದೆ, ಇಫ್ ಇಟ್ ಈಸ್ ನಾಟ್ ಟೂ ಮಚ್ ಟ್ರಬಲ್ ಎಂದೆ. ನಮ್ಮವರ ಡೋಸು ಮಾತ್ರ ಮಂಗಳವಾರದ ಬದಲು ಗುರುವಾರ ಆಯಿತು. ಪಾಸು ಕೊಡುವ ಕಚೇರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದ. ಹೊಸ ಪಾಸಿನಲ್ಲಿ ಪೇಷೆಂಟ್ ಮತ್ತು ಹೆಂಡತಿ ಎಂದು ಬರೆಸಿದೆ. ನಮ್ಮವರಿಗೆ, ಆಸ್ಪತ್ರೆಯವರೇ ದಿನ ಬದಲಾಯಿಸಿದ್ದಾರೆ ಎಂದೆ. ಅವಳಿಗೂ ನಾನೇ ಫೋನ್ ಮಾಡಿ ಅದೇ ಸುಳ್ಳು ಹೇಳಿದೆ.

“ಆಗ್ಲಿ ಬುಡಿ ಅತ್ತಿಗಮ್ಮ, ನಾನು ಎಂಗೋ ಓಯ್ತೀನಿ” ಎಂದಳು. ಆಮೇಲೆ, “ಅಲ್ಲಿ ಗೇಟ್‌ತಾವ ಅಣ್ಣಯ್ಯಂಗೆ ಒಂದು ಇಸ್ಯ ನೋಡ್ಕಬೇಕು, ಅದೇನಂದ್ರೆ…”

“ನಾನಿರ್ತೀನಲ್ಲ, ನೋಡ್ಕೋತೀನಿ” ಎಂದು ಇಟ್ಟುಬಿಟ್ಟೆ.

ಗುರುವಾರ ಎರಡನೇ ಸೀಟಿನಲ್ಲಿ ನಾನು ಕೂತೆ. ಜರಿ ಇಲ್ಲದ, ಆದರೆ ಒಳ್ಳೆಯದೊಂದು ಸೀರೆ ಉಟ್ಟಿದ್ದೆ. ಫ್ಲಾಸ್ಕು, ಡಬ್ಬಿ, ಫೈಲು ಎಲ್ಲ ಮಡಿಲಲ್ಲಿ. ಸಂತೆಮರಹಳ್ಳಿ ಕಡೆಯ ರಸ್ತೆ ತಿರುಗಿ ಹೋಗುವಲ್ಲಿ ಪೊಲೀಸರು ಪಾಸು ನೋಡಿದರು, ನಂಜನಗೂಡಿನ ಹತ್ತಿರ ಇನ್ನೊಮ್ಮೆ. ರಸ್ತೆ ಖಾಲಿ. ನಾನು ಏನೇನೋ ಮಾತು ತೆಗೆದೆ. ನಮ್ಮವರು ಹೂಂ ಎಂದರು, ಹೊರಗೆ ನೋಡಿದರು. ಒಂದು ಹೊಲದಲ್ಲಿ ಕೀಳದೆ ಬಿಟ್ಟ ಟೊಮೆಟೊ ಕೆಂಪಗೆ ಸುರಿದಿತ್ತು. ಅದನ್ನು ಕಂಡು ಅವರು ಬಾಯಿ ತೆರೆದರು, ಪಕ್ಕಕ್ಕೆ ತಿರುಗಿದರು, ನಾನಿದ್ದೆ. ಮುಚ್ಚಿಕೊಂಡರು.

ಆಸ್ಪತ್ರೆಯ ಗೇಟಿನಲ್ಲಿ ಸೆಕ್ಯುರಿಟಿಯವನು ಕೈ ಅಡ್ಡ ಹಿಡಿದ. “ಪೇಷೆಂಟ್ ಮಾತ್ರ.”

ಅಟೆಂಡರನ್ನು ಬಿಡುವುದಿಲ್ಲ ಎಂದು ನನಗೆ ಮೊದಲೇ ಹೇಳಿದ್ದರು. ನನ್ನನ್ನು ಬಿಡುತ್ತಾರೆ ಎಂದುಕೊಂಡಿದ್ದೆ. ಇಂಗ್ಲಿಷಿನಲ್ಲಿ ಎರಡು ಮಾತಾಡಿದೆ. ಅವನು ಕನ್ನಡದಲ್ಲೇ, “ಎಲ್ಲರೂ ಹಿಂಗೇ ಹೇಳ್ತಾರೆ ಮೇಡಂ, ಪಕ್ಕಕ್ಕೆ ಬನ್ನಿ” ಎಂದ. ಆಮೇಲೆ ನಮ್ಮವರ ಕಡೆ ತಿರುಗಿ ಸ್ಯಾನಿಟೈಸರ್ ಬಾಟಲಿ ಎತ್ತಿದ. “ಯಾಕಜ್ಜ, ಇವತ್ತು ನಿಮ್ಮ ಬಾಟ್ಲಿ ತಂಗಿ ಬಂದಿಲ್ವಾ?”

ನಮ್ಮವರು ಎರಡೂ ಅಂಗೈ ಚಾಚಿದರು. ಅವನು ಚಿಮ್ಮಿಸಿದ.

ಆ ಕೀಮೋ ಔಷಧಿಯ ಗುಣವೇ ಹಾಗೆ, ತಣ್ಣಗಿನದೇನು ತಾಗಿದರೂ ಕರೆಂಟು ಹೊಡೆದಂತಾಗುತ್ತದೆ. ನನಗೆ ಗೊತ್ತಿತ್ತು. ಇಂಗ್ಲಿಷ್ ಹಾಳೆಯಲ್ಲಿ ಓದಿದ್ದೆ, ಅವರಿಗೂ ಓದಿ ಹೇಳಿದ್ದೆ. ಮನೆಯಲ್ಲಿ ಫ್ರಿಜ್ಜಿನ ನೀರು ನಿಲ್ಲಿಸಿದ್ದೆ. ಆದರೆ ಸ್ಯಾನಿಟೈಸರ್ ತಣ್ಣಗಿರುತ್ತದೆ ಎಂದು ಆ ಹಾಳೆಯಲ್ಲಿರಲಿಲ್ಲ, ನನ್ನ ತಲೆಗೂ ಹೋಗಿರಲಿಲ್ಲ. ಅವರ ಎರಡೂ ಕೈ ಕೋಳಿಯ ಕಾಲಿನಂತೆ ಮುದುರಿಕೊಂಡವು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು, ಅದರಲ್ಲಿ ನೀರು ತುಂಬಿತು. ಮೊಣಕೈಯಿಂದ ಬಾಗಿಲು ತಳ್ಳಿಕೊಂಡು ಒಳಗೆ ಹೋದರು.

ನಾನು ಆರು ಗಂಟೆ ಹೊತ್ತು ವ್ಯಾನಿನಲ್ಲಿ ಕೂತೆ. ಡ್ರೈವರ್ ಮುಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡಿದ್ದ. ಬಾಟಲಿ ತಂಗಿ ಎಂದರೇನು ಎಂದು ಕೇಳಿದೆ.

“ಅದಾ ಮೇಡಂ? ಆಯಮ್ಮ ಒಂದು ಚಿಕ್ಕ ಬಾಟ್ಲಿ ಸ್ಯಾನಿಟೈಸರ್ರ ಬೆಳಿಗ್ಗಿಂದ್ಲೂವೆ ಸೊಂಟಕ್ಕೆ ಸಿಕ್ಕಂಡು ಬತ್ತಾಳೆ. ಮೈ ಕಾವಿಗೆ ಬೆಚ್ಚಗಾಗಿರ್ತದೆ. ಓದ್ಸಲ ಗೇಟಲ್ಲಿ ಮೊದ್ಲು ಜಗಳ, ‘ನಮ್ಮಣ್ಣಂಗೆ ನಿಂದು ಬ್ಯಾಡ, ನಂದೇ ಆಕದು’ ಅಂತ. ಆಮ್ಯಾಕೆ ಸೆಕ್ಯುರಿಟಿನೇ ದಾರಿ ಬುಟ್ಟ.”

ಅವಳು ಫೋನಿನಲ್ಲಿ ಹೇಳಲು ಹೊರಟಿದ್ದು ಇದೇ. ಹೇಳಲು ನಾನು ಬಿಡಲಿಲ್ಲ.

“ಮೊನ್ನೆ ಮಂಗಳವಾರ ಹೇಗೆ ಬಂದಳು ಅವಳು?” ಎಂದೆ.

“ಎಲ್ ಬಂದ್ಲು? ಈರುಳ್ಳಿ ಲಾರಿ ಅತ್ತಿದ್ಲಂತೆ ಮೈಸೂರ್ಗೆ. ಚೆಕ್‌ಪೋಸ್ಟಲ್ಲಿ ಪೊಲೀಸ್ನೋರು ಗೂಡ್ಸ್ ಗಾಡೀಲಿ ಎಂಗಸ್ರು ಕುಂತ್ಕಳಂಗಿಲ್ಲ ಅಂತ ಇಳ್ಸುಬುಟ್ರಂತೆ. ಫೈಲ್ ತೋರ್ಸಿದ್ಲಂತೆ, ಅವ್ರು ಪಾಸೆಲ್ಲಿ ಅಂದ್ರಂತೆ. ನಡ್ಕಂಡು ವಾಪಸ್ ಓದ್ಲು. ಡೋಸಾಗ್ಲಿಲ್ಲ.” ಅವನು ಹಲ್ಲಿನ ಸಂದಿಯಿಂದ ಏನೋ ತೆಗೆಯುತ್ತಾ ಸಹಜವಾಗಿ ಹೇಳುತ್ತಿದ್ದ. “ಪಾಸು ನಿಮ್ಮ ಎಸ್ರಲ್ಲಿ ಬದ್ಲಾಗೋಯ್ತಲ್ಲ ಮೇಡಂ, ನಾನಾದ್ರೂ ಏನ್ಮಾಡ್ಲಿ?”

ಅವನಿಗೆ ಎಷ್ಟು ಗೊತ್ತಿತ್ತೋ. ನಾನು ಫೈಲು ತೆರೆದು ಎರಡರ ಸಾಲನ್ನು ನೋಡುತ್ತಾ ಕೂತೆ. ಡಬ್ಬಿಯ ಮೊಸರನ್ನ ಮಧ್ಯಾಹ್ನದ ಬಿಸಿಲಿಗೆ ಹುಳಿಯಾಯಿತು.

ಮನೆಗೆ ಬಂದು, ಅವರ ಕೈಗಳಿಗೆ ಬೆಚ್ಚಗಿನ ಟವೆಲು ಸುತ್ತಿ ಕೂರಿಸಿದ ಮೇಲೆ ಹೇಳಿದೆ. “ದಿನ ಆಸ್ಪತ್ರೆಯವರು ಬದಲಾಯಿಸಿದ್ದಲ್ಲ. ನಾನೇ.”

ಟವೆಲನ್ನು ನೋಡುತ್ತಲೇ ಕೇಳಿದರು, “ಯಾಕೆ?”

“ನಿಮ್ಮ ಪಕ್ಕ ಕೂರೋಕೆ.”

“ಕೂತ್ಯಲ್ಲ” ಎಂದರು. ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ಉತ್ತರ ಕೊಡುತ್ತಿದ್ದೆ. ಅವಳ ಡೋಸು ತಪ್ಪಿದ್ದನ್ನು ಹೇಳಿದೆ; ಫೋನಿನಲ್ಲಿ ಅವಳು ಅವರಿಗೆ ತಿಳಿಸಿರಲಿಲ್ಲ. ಆಗ ಎದ್ದು ನಿಂತರು. “ಫೋನ್ ಮಾಡು. ಈಗಲೇ. ನಿನ್ನ ಇಂಗ್ಲಿಷಲ್ಲೇ ಮಾಡು.”

ಮಾಡಿದೆ. ಸಿಸ್ಟರಿಗೆ ನಿಜ ಹೇಳಿದೆ, ಅಥವಾ ನಿಜದ ಬಹುಪಾಲನ್ನು. ಅವರು “ಐ ಸೀ” ಎಂದರು. ಹಳೆಯ ವಿದ್ಯಾರ್ಥಿಗೆ ಹೇಳಿ ಅವಳ ಹೆಸರಿನಲ್ಲಿ ಇನ್ನೊಂದು ಪಾಸು ಬರೆಸಿದೆ. ಹನ್ನೊಂದು ದಿನ ತಡವಾಗಿ ಅವಳ ಡೋಸಾಯಿತು. ಅಷ್ಟು ತಡದಿಂದ ಏನೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಎರಡು ಸಲ ಕೇಳಿದೆ, ಎರಡು ಸಲವೂ ಹಾಗೆಯೇ ಹೇಳಿದರು. ನಂಬಿದ್ದೇನೆ. ಕೆಲವು ದಿನ ನಂಬುವುದಿಲ್ಲ.

ಫೋನುಗಳೆಲ್ಲ ಮುಗಿದ ಮೇಲೆ ಕೇಳಿದೆ, “ಅವಳಿಗೆ ಹೇಳೋದನ್ನ ನನಗ್ಯಾಕೆ ಹೇಳಲ್ಲ ನೀವು?”

ಅವರು ಯೋಚಿಸಿದರು. “ನಿನ್ನ ಮುಖ ನೋಡ್ಕೊಂಡು ಹೇಳೋಕಾಗಲ್ಲ. ಹೇಳಿದ ತಕ್ಷಣ ಅದು ಏನೇನೋ ಆಗುತ್ತೆ. ಅವಳ ಮುಖ ನಾನು ಸರಿಯಾಗಿ ನೋಡೇ ಇಲ್ಲ. ಮಾಸ್ಕು.”

ಅದೊಂದು ಉತ್ತರವೇ ಎಂದು ಆಗ ಅನ್ನಿಸಿತು. ನಲವತ್ತಕ್ಕೂ ಮಿಕ್ಕಿ ವರ್ಷ ನೋಡಿದ ಮುಖವಾದ್ದರಿಂದಲೇ ನನಗೆ ಸಿಗದ್ದು ಅವಳಿಗೆ ಸಿಕ್ಕಿತ್ತು. ಇದನ್ನು ಸಮಾಧಾನವೆಂದು ತೆಗೆದುಕೊಳ್ಳಬೇಕಂತೆ. ನಾನು ಕನ್ನಡಿಯಲ್ಲಿ ನೋಡಿಕೊಂಡೆ. ಅದು ಏನೇನೋ ಆಗುತ್ತಿತ್ತು, ನಿಜ.

ಅವಳ ತಪ್ಪಿದ ಡೋಸಿಗೆ ಸರಿಹೊಂದುವಂತೆ ಸಿಸ್ಟರು ಇಬ್ಬರ ದಿನವನ್ನೂ ಮತ್ತೆ ಒಂದು ಮಾಡಿದರು. ಆರನೆಯದಕ್ಕೆ ವ್ಯಾನಿನಲ್ಲಿ ಮತ್ತೆ ಅವಳಿದ್ದಳು. ನಾನು ಗೇಟಿನಲ್ಲಿ ನಿಂತು ಕೈ ಎತ್ತಿದೆ. ಅವಳೂ ಎತ್ತಿದಳು. ಬೆಚ್ಚಗಿನ ಬಾಟಲಿಯೊಂದನ್ನು ನಾನೂ ಕೊಡಬಹುದಿತ್ತು, ಕೊಡಲಿಲ್ಲ. ಅದು ಅವಳ ಕೆಲಸ ಎಂದು ಬಿಟ್ಟುಕೊಟ್ಟೆ, ಆದರೆ ದೊಡ್ಡ ಮನಸ್ಸಿನಿಂದ ಬಿಟ್ಟುಕೊಟ್ಟೆ ಎಂದು ಯಾರೂ ತಿಳಿಯಬಾರದು. ವ್ಯಾನು ತಿರುವು ದಾಟುವವರೆಗೂ ಹಲ್ಲು ಕಚ್ಚಿ ನಿಂತಿರುತ್ತಿದ್ದೆ. ನಮ್ಮವರ ಎಂಟೂ ಡೋಸು ಮುಗಿಯಿತು. ಸ್ಕ್ಯಾನಿನಲ್ಲಿ ಏನೂ ಇಲ್ಲ ಎಂದರು. ಇಂದಿಗೂ ಏನೂ ಇಲ್ಲ. ಜೋಮು ಮಾತ್ರ ಬೆರಳ ತುದಿಯಲ್ಲಿ ಉಳಿದಿದೆ, ಷರ್ಟಿನ ಗುಂಡಿ ನಾನು ಹಾಕುತ್ತೇನೆ.

ಅವಳಿಗೆ ಮರುವರ್ಷ ಮತ್ತೆ ಬಂತು, ಈ ಸಲ ಮೂಳೆಗೆ. ಸುದ್ದಿ ತಂದವನು ಡ್ರೈವರ್. ಅವಳು ನಮ್ಮವರಿಗೆ ಫೋನಿನಲ್ಲಿ ಹೇಳಿರಲಿಲ್ಲ. ಚೆನ್ನಾಗಿವ್ನಿ ಎಂದೇ ಹೇಳುತ್ತಿದ್ದಳು. ನೋಡಲೇಬೇಕು ಎಂದು ನಮ್ಮವರು ಹಟ ಹಿಡಿದರು. ರಸ್ತೆಗಳೆಲ್ಲ ತೆರೆದಿದ್ದವು, ಟ್ಯಾಕ್ಸಿ ಮಾಡಿಕೊಂಡು ಇಬ್ಬರೂ ಹೋದೆವು. ಗುಂಡ್ಲುಪೇಟೆಯಿಂದ ಕೇರಳದ ಕಡೆಯ ರಸ್ತೆಯಲ್ಲಿ ಸ್ವಲ್ಪ ಹೋಗಿ ಒಳಗೆ ತಿರುಗಬೇಕು. ಶೀಟಿನ ಮನೆ, ಮುಂದೆ ಚಿಕ್ಕ ಜಗುಲಿ. ಬತ್ತೇರಿಯ ಮಗಳು ಬಂದಿದ್ದಳು, ತನ್ನ ಕೂಸನ್ನು ಮಲಯಾಳದಲ್ಲಿ ಗದರುತ್ತಿದ್ದಳು. ತಾಯಿ ಜಗುಲಿಯ ಗೋಡೆಗೆ ಒರಗಿ ಕೂತಿದ್ದಳು. ಮಾಸ್ಕಿಲ್ಲದ ಅವಳ ಮುಖವನ್ನು ನಾವಿಬ್ಬರೂ ನೆಟ್ಟಗೆ ನೋಡಿದ್ದು ಅಂದೇ. ಮೂಗು ನಿಜವಾಗಿಯೂ ಮೋಟು. ಹಲ್ಲು ಸ್ವಲ್ಪ ಮುಂದೆ. ನಾನು ಅಂದುಕೊಂಡದ್ದಕ್ಕಿಂತ ಸುಂದರಿ.

“ಏನ್ ಕಣವ್ವ, ಎಂಗಿದ್ದೀಯ?” ಎಂದರು ನಮ್ಮವರು.

“ನಂಗೇನಾಗದೆ ಅಣ್ಣಯ್ಯ? ಕುಂತ್ಕಂಡು ಉಣ್ಣದು, ಮಲಿಕ್ಕಳದು. ರಾಣಿ ತರ ಇವ್ನಿ.” ಆಮೇಲೆ, “ಇತ್ಲಲ್ಲಿ ನುಗ್ಗೆಕಾಯಿ ಮಸ್ತಾಗಿ ಬುಟ್ಟವೆ. ಮಗ್ಳು ತೋರುಸ್ತಾಳೆ ಓಗಿ, ಅತ್ತಿಗಮ್ಮಂಗೆ ಒಂದಷ್ಟು ಕಿತ್ಕಳಿ.”

ನಮ್ಮವರು ಮಗಳ ಹಿಂದೆ ಹಿತ್ತಲಿಗೆ ಹೋದರು. ಅವಳು ನನ್ನನ್ನು ನೋಡಿ ನಕ್ಕಳು.

“ನನ್ ಸೀಟ ನೀವೇ ಕಿತ್ಕಂಡಿದ್ದಂತೆ. ಡ್ರೈವರ್ ಏಳ್ದ.”

ನನ್ನ ಬಾಯಿಗೆ ಐ ಆಮ್ ಸಾರಿ ಎಂಬ ಮೂರು ಪದ ಬಂದವು, ಅವಳಿಗೆ ಅವು ಬೇಡವಾಗಿದ್ದವು.

“ಬುಡಿ ಅತ್ತಿಗಮ್ಮ. ನಾನಾಗಿದ್ರೆ ಮೊದಲ್ನೇ ದಿನ್ವೇ ಕಿತ್ಕಂಡಿರ್ತಿದ್ದೆ. ನೀವು ತಡ ಮಾಡುದ್ರಿ.”

ಆಮೇಲೆ ನಗು ಅದೇ ಮುಖದಲ್ಲಿ ಇದ್ದಂತೆಯೇ ದನಿ ಇಳಿಸಿದಳು. ಸೊಂಟದಿಂದ ಕೆಳಗೆ ಮೂಳೆ ಒಳಗಿಂದ ಯಾರೋ ಗರಗಸ ಆಡಿಸಿದಂತೆ ಎಂದಳು. ಹಗಲೆಂದಿಲ್ಲ, ರಾತ್ರಿಯೆಂದಿಲ್ಲ. ಮಗ್ಗುಲು ಬದಲಿಸಲು ಮಗಳನ್ನು ಕೂಗಬೇಕು. ಕೊಟ್ಟಿರುವ ಮಾತ್ರೆ ಏನೂ ಮಾಡುತ್ತಿಲ್ಲ. ಮಗಳಿಗೂ ಪೂರ್ತಿ ಹೇಳಿಲ್ಲ.

“ಅಣ್ಣಯ್ಯಂಗೆ ಏಳ್ಬ್ಯಾಡಿ. ತಾಳಾಕಿಲ್ಲ ಆತ.”

“ನನಗ್ಯಾಕೆ ಹೇಳ್ತಿದ್ದೀಯ?”

“ನೀವಾದ್ರೆ ಬರ್ಕತೀರಿ” ಎಂದಳು.

ಚೀಲದಿಂದ ಪೆನ್ನು ತೆಗೆದೆ. ಟ್ಯಾಕ್ಸಿಯ ಬಿಲ್ಲಿನ ಹಿಂದೆ ಬರೆದುಕೊಂಡೆ: ಎಲ್ಲಿ, ಯಾವಾಗ, ಎಷ್ಟು, ಎಂಥದು. ಅವಳ ಮಾತಿನಲ್ಲೇ ಬರೆದೆ, ಯಾವ ಸಂಖ್ಯೆಯನ್ನೂ ಕೇಳಲಿಲ್ಲ. ಮರುದಿನ ಸಿಸ್ಟರಿಗೆ ಫೋನ್ ಮಾಡಿ ಅದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದೆ, ಅವರು ನೋವಿನ ವಿಭಾಗದ ಡಾಕ್ಟರಿಗೆ ದಾಟಿಸಿದರು. ಗಟ್ಟಿ ಮಾತ್ರೆ ಬರೆದುಕೊಟ್ಟರು. ಡ್ರೈವರ್ ಹೋಗಿ ತಂದು ತಲುಪಿಸಿದ. ಎರಡು ರಾತ್ರಿ ಅವ್ವ ನಿದ್ದೆ ಮಾಡಿದಳು ಎಂದು ಮಗಳು ಹೇಳಿದಳು. ಆಮೇಲೆ ಎಷ್ಟು ರಾತ್ರಿ ಎಂದು ನಾನು ಕೇಳಲಿಲ್ಲ. ತಿಂಗಳೊಳಗೆ ಹೋದಳು.

ಅವಳು ನನಗೆ ಹೇಳಿದ್ದನ್ನು ನಾನು ನಮ್ಮವರಿಗೆ ಇಂದಿಗೂ ಹೇಳಿಲ್ಲ. ಅವಳು ಬೇಡ ಎಂದಳು ಎನ್ನುವುದು ಒಂದು ಕಾರಣ. ಅವರಿಬ್ಬರದೇ ಆಗಿದ್ದ ಎಷ್ಟೋ ಮಾತುಗಳಲ್ಲಿ ಇದೊಂದು ನನ್ನದು ಎನ್ನುವುದು ಇನ್ನೊಂದು. ಎರಡರಲ್ಲಿ ಯಾವುದು ದೊಡ್ಡದು ಎಂದು ನನ್ನನ್ನು ಕೇಳಬಾರದು.

ಅವಳನ್ನು ಕೊನೆಯ ಸಲ ನೋಡಿದ್ದು ಅಂದು ಹೊರಟಾಗ. ನಮ್ಮವರು ನುಗ್ಗೆಕಾಯಿಯ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಕಾರಿನ ಮುಂದಿನ ಸೀಟಿನಲ್ಲಿ ಕೂತರು, ನಾನು ಹಿಂದೆ. ಅವಳು ಜಗುಲಿಯ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, ಮೊಮ್ಮಗುವನ್ನು ಪಕ್ಕಕ್ಕೆ ಒತ್ತಿಕೊಂಡು ನಗುತ್ತಿದ್ದಳು. ನಮ್ಮವರು ಕಿಟಕಿಯಿಂದ ಕೈ ಬೀಸಿದರು. ಅವಳೂ ಮಗುವಿನ ಕೈ ಹಿಡಿದು ಬೀಸಿಸಿದಳು. ಕಾರು ಹೊರಟಿತು. “ಪರವಾಗಿಲ್ಲ, ಗೆಲುವಾಗೇ ಇದ್ದಾಳೆ” ಎಂದು ನಮ್ಮವರು ಮುಂದಿನ ರಸ್ತೆ ನೋಡುತ್ತಾ ಹೇಳಿದರು. ನಾನು ಹಿಂದಿನ ಗಾಜಿನಿಂದ ತಿರುಗಿ ನೋಡಿದೆ. ಮಗುವನ್ನು ಕೆಳಗಿಳಿಸಿ, ಎರಡೂ ಕೈ ನೆಲಕ್ಕೆ ಊರಿ, ಅವಳು ನಿಧಾನವಾಗಿ ಮುಂದಕ್ಕೆ ಬಾಗಿ ಹಣೆಯನ್ನು ಮೊಣಕಾಲಿಗೆ ಇಟ್ಟುಕೊಳ್ಳುತ್ತಿದ್ದಳು.